ನಕ್ಷೆಯಲ್ಲಿ ಇಲ್ಲದ ಮೆಟ್ಟಿಲು

ಕಾಕಾರ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ಬಿಸಿ ಬಟ್ಟೆಯ ಅಂಚು ಒತ್ತಿ ಒತ್ತಿ ಅದು ಹಳ್ಳದ ಕಲ್ಲಿನಂತೆ ನುಣ್ಣಗಾಗಿತ್ತು. ರೇಷನ್ ಅಂಗಡಿಯ ಯಂತ್ರ ಆ ಬೆರಳನ್ನು ಒಪ್ಪುತ್ತಿರಲಿಲ್ಲ. ನಾಲ್ಕು ಸಲ ಒತ್ತಿಸಿ, ಕೊನೆಗೆ ಹೆಂಡತಿಯನ್ನೇ ಕರೆಸಬೇಕಾಗುತ್ತಿತ್ತು. “ಈ ಮಷೀನಿಗಿ ನಾ ಇನ್ನೂ ಹುಟ್ಟೇ ಇಲ್ಲ ನೋಡ್ರಿ ಅಕ್ಕೋರ” ಎಂದು ನಗುತ್ತಿದ್ದರು. ನಾನು ಭಾಲ್ಕಿಯ ಸಾಲಿಯಲ್ಲಿ ಭೂಗೋಳ ಕಲಿಸುವವಳು, ಹಾಗಾಗಿ ಅವರಿಗೆ ಅಕ್ಕೋರು. ಅವರು ನನಗೆ ಇಸ್ತ್ರಿ ಕಾಕಾ.

ಹುಟ್ಟಿದ್ದು ಔರಾದ ತಾಲ್ಲೂಕಿನ ಚಿಂತಾಕಿಯಲ್ಲಿ. ದೊಡ್ಡದೊಂದು ಪ್ರವಾಸಿ ಹಡಗಿನ ಲಾಂಡ್ರಿಯಲ್ಲಿ ಹನ್ನೊಂದು ವರ್ಷ ದುಡಿದು ಬಂದು, ಭಾಲ್ಕಿ ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಅಂಗಡಿ ಹಾಕಿಕೊಂಡಿದ್ದರು. ನನ್ನ ಗಂಜಿ ಹಾಕಿದ ಕಾಟನ್ ಸೀರೆಗಳಿಗೆ ಅವರಷ್ಟು ಮರ್ಯಾದೆ ಕೊಟ್ಟವರು ಇನ್ನೊಬ್ಬರಿಲ್ಲ. ಬಟ್ಟೆ ಕೈಗೆ ಬಂದ ಕೂಡಲೇ ಮೊದಲು ಕಿಸೆ ತಡಕುವರು. ಬಸ್ ಟಿಕೆಟ್ಟು, ಔಷಧದ ಚೀಟಿ, ಯಾರದೋ ಲಗ್ನದ ಕಾರ್ಡಿನ ಅರ್ಧ, ಏನೇ ಸಿಗಲಿ, ಅದಕ್ಕೂ ಒಂದು ಇಸ್ತ್ರಿ ಎಳೆದು, ಬಟ್ಟೆಯ ಮೇಲಿಟ್ಟು ವಾಪಸು ಕೊಡುವರು. “ಮನಷಾ ಬಾಯಿಲೆ ಹೇಳದ್ದು ಕಿಸೆ ಹೇಳ್ತದರಿ” ಎನ್ನುವುದು ಅವರ ಮಾತು.

ಆದರೆ ನನ್ನನ್ನು ಆ ಅಂಗಡಿಯಲ್ಲಿ ನಿಲ್ಲಿಸುತ್ತಿದ್ದದ್ದು ಸೀರೆಯಲ್ಲ, ವೆನಿಸ್. ರಸ್ತೆಯ ಜಾಗದಲ್ಲಿ ಕಾಲುವೆ ಇರುವ ಆ ಹಳೆಯ ಊರಿಗೆ ಹಡಗಿನಿಂದ ಇಳಿದು ಹೋಗುವ ದಾರಿಯನ್ನು ಕಾಕಾ ಟೇಬಲ್ಲಿನ ಮೇಲೆ ಬೆರಳಿನಿಂದ ಎಳೆದು ತೋರಿಸುತ್ತಿದ್ದರು.

“ಗೇಟ ದಾಟಿದ್ರ ಟ್ಯಾಕ್ಸಿಯವರು ಗಂಟ ಬೀಳ್ತಾರ, ಮಾರಿ ಎತ್ತಿ ನೋಡಬ್ಯಾಡ್ರಿ. ಮುಂದ ಡ್ರೈವರ್ ಇಲ್ಲದ ಸಣ್ಣ ರೈಲು ಅದ. ಒಂದು ಅಡಕಿ ಹೋಳು ಬಾಯಾಗ ಹಾಕ್ಕೊಳ್ಳೂದ್ರಾಗ ಮುಟ್ಟತೀರಿ. ಇಳದ್ರ ಬಸ್ಸು ನಿಂದರೂ ಮೈದಾನ. ಅಲ್ಲಿ ಬ್ರಿಜ್ ದಾಟಿದ್ರ ಊರೊಳಗ ಬಿದ್ದಂಗ. ಆಮ್ಯಾಲ ಬೀದರಿನ ಚೌಬಾರಾದ ಸುತ್ತ ಓಣಿ ಇಲ್ಲೇನು, ಹಾಂಗೇ ಓಣಿ ಓಣಿ ಹೋಗೂದು. ಬಾಗಲ ತೆಗದ್ರ ನೀರು!”

ಊರವರು ಬಿಡುವರೇ? “ಔರಾದಕ್ಕ ಡ್ರೈವರ್ ಇದ್ದ ರೈಲೇ ಬಂದಿಲ್ಲ, ಇಂವ ಡ್ರೈವರ್ ಇಲ್ಲದ ರೈಲು ಹತ್ತಸ್ತಾನ” ಎಂದು ಚಹಾದಂಗಡಿಯಲ್ಲಿ ಆಡಿಕೊಳ್ಳುತ್ತಿದ್ದರು. ನನ್ನ ಸಾಲಿಯ ಗಣಿತದ ಮಾಸ್ತರರು ಒಮ್ಮೆ ಎಲ್ಲರೆದುರು ಅವರನ್ನು ಸುಳ್ಳ ಎಂದಾಗ ನಾನು ಮೈಮೇಲೆ ಬಂದವರಂತೆ ಜಗಳಾಡಿದೆ. ಕಾಲಿಟ್ಟು ನೋಡದವರು ಇಷ್ಟು ಬರೋಬ್ಬರಿ ಹೇಳಲು ಸಾಧ್ಯವೇ ಎಂಬುದು ನನ್ನ ವಾದ. ಆ ಮಾಸ್ತರರು ನನ್ನೊಂದಿಗೆ ಇವತ್ತಿಗೂ ನೆಟ್ಟಗೆ ಮಾತಾಡುವುದಿಲ್ಲ.

ಕಾಕಾರ ಕತೆ ನನಗಿಂತ ಹೆಚ್ಚು ಹಿಡಿದದ್ದು ನನ್ನ ಅವ್ವನಿಗೆ. ತನ್ನ ಹಳ್ಳಿ ಮೆಹಕರದಲ್ಲಿದ್ದಷ್ಟು ಕಾಲ ಬಾವಿಯಿಂದ ಮನೆಗೆ ಕೊಡ ಹೊತ್ತವಳು ಅವಳು. “ಹೊಸ್ತಿಲಿಗಿ ನೀರು ಬಂದು ನಿಂದರೂ ಮನಿ ಒಂದರ ಕಣ್ಣಿಲೆ ನೋಡಬೇಕವಾ. ಆ ಹೆಣ್ಣಮಕ್ಕಳು ಎಟ್ಟು ಪುಣ್ಯಾ ಮಾಡ್ಯಾರೋ” ಎನ್ನುತ್ತಿದ್ದಳು. ಜೀವನದಲ್ಲಿ ಅವ್ವ ಬಾಯಿಬಿಟ್ಟು ಕೇಳಿದ ಒಂದೇ ಆಸೆ ಅದು. ಹೈದರಾಬಾದಿನಿಂದ ವಿಮಾನದಲ್ಲಿ ಒಯ್ದು ಹಡಗು ಹತ್ತಿಸುವ ಪ್ರವಾಸವೊಂದಕ್ಕೆ ನಾನು ಇಬ್ಬರ ಹೆಸರೂ ಹಚ್ಚಿದೆ. ಆದರೆ ಅಷ್ಟರಲ್ಲಿ ಅವ್ವನ ಮೊಣಕಾಲು ಕೈಕೊಟ್ಟಿದ್ದವು. ಸಪಾಟು ನೆಲದ ಮೇಲೆ ಕೋಲೂರಿ ನಡೆಯುವಳು, ಮೆಟ್ಟಿಲು ಮಾತ್ರ ಆಗದು. ಸಣ್ಣ ದೋಣಿ ಎಂದರೆ ಜೀವಭಯ. ನಾ ಒಲ್ಲೆ ಎಂದು ಕೂತಳು.

ಕಾಕಾ ಮನೆಗೇ ಬಂದರು. ನಾನು ಅವ್ವನ ಕಾಲಿನ ಸಂಗತಿ ಬಿಡಿಸಿ ಹೇಳಿ, “ಮೆಟ್ಟಿಲ ಅವ ಏನು ಕಾಕಾ? ಖರೇ ಹೇಳ್ರಿ” ಎಂದೆ. ಅವರು ಚಹಾದ ಬಸಿ ಕೆಳಗಿಟ್ಟು ಅವ್ವನ ಕಡೆ ತಿರುಗಿದರು.

“ವೈನಿ, ಒಂದೂ ಮೆಟ್ಟಿಲ ಇಲ್ರಿ. ಭಾಲ್ಕಿ ಬಸ್ ಸ್ಟ್ಯಾಂಡಿಗಿಂತ ಸಪಾಟ ಅದ. ದೋಣಿ ಹತ್ತೂದೇ ಬ್ಯಾಡ. ನನ್ನ ಮಾತಿನ ಮ್ಯಾಲ ಹೋಗ್ರಿ.”

ಅವರ ಮಾತಿನ ಮೇಲೆಯೇ ಹೋದೆವು.

ವೆನಿಸ್ ಮುಟ್ಟುವ ಹಿಂದಿನ ದಿನ ಪ್ರವಾಸದ ಮುಖಂಡ, ಕಾಲುನೋವಿನವರು ಹೆಸರು ಕೊಟ್ಟರೆ ಬಂದರಿನಿಂದ ನೇರ ಊರ ನಡುವೆ ಇಳಿಸುವ ದೊಡ್ಡ, ಅಲುಗಾಡದ ಬೋಟಿನ ವ್ಯವಸ್ಥೆ ಇದೆ, ಹತ್ತಿಸಿ ಇಳಿಸಲು ಜನರೂ ಇರುತ್ತಾರೆ ಎಂದ. ಅವ್ವ ನನ್ನ ಮುಖ ನೋಡಿದಳು. ನಾನು ದೊಡ್ಡ ತಿಳಿದವಳಂತೆ, “ಬೇಡ್ರಿ, ನಮಗೆ ದಾರಿ ಗೊತ್ತಿದೆ” ಎಂದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವರ ಗಾದೆ ಕೇಳಿದ್ದೆ. ನಾನು ಬೆಣ್ಣೆಯನ್ನು ಎಸೆದೇ ಹೊರಟಿದ್ದೆ.

ಬೆಳಿಗ್ಗೆ ಇಳಿದೆವು. ಗೇಟು ಇತ್ತು. ಟ್ಯಾಕ್ಸಿಯವರು ಗಂಟು ಬಿದ್ದರು, ನಾವು ಮುಖ ಎತ್ತಿ ನೋಡಲಿಲ್ಲ. ಡ್ರೈವರ್ ಇಲ್ಲದ ರೈಲು ಖರೇ ಇತ್ತು! ಅವ್ವ ಅದರೊಳಗೆ ಕೂತು ಸಣ್ಣ ಹುಡುಗಿಯ ಹಾಗೆ ನಕ್ಕಳು. ಬಸ್ಸಿನ ಮೈದಾನದಲ್ಲಿ ಇಳಿದಾಗ ಗಣಿತದ ಮಾಸ್ತರರನ್ನು ಕಿವಿ ಹಿಡಿದು ಇಲ್ಲಿಗೆ ಎಳೆತರಬೇಕು ಅನಿಸಿತು. ಹತ್ತು ಹೆಜ್ಜೆ ನಡೆದೆವು. ಸೇತುವೆ ಬಂತು.

ಸೇತುವೆ ಎಂದರೆ ಮೆಟ್ಟಿಲೇ. ಈ ಬದಿ ಹತ್ತಬೇಕು, ಆ ಬದಿ ಇಳಿಯಬೇಕು. ಇನ್ನೊಂದು ದಿಕ್ಕಿನಲ್ಲಿ ಹುಡುಕಿದೆ, ಅಲ್ಲಿದ್ದ ಕಲ್ಲಿನ ಸೇತುವೆಯೂ ಹಾಗೆಯೇ. ಒಬ್ಬ ಪೊಲೀಸನಿಗೆ ಕೈಸನ್ನೆ ಮಾಡಿ ಮೆಟ್ಟಿಲಿಲ್ಲದ ದಾರಿ ಕೇಳಿದೆ. ಅವನು ಆ ಊರಿನಲ್ಲಿ ಎಲ್ಲ ಸೇತುವೆಗಳೂ ಹೀಗೇ ಎನ್ನುವಂತೆ ಕೈಯನ್ನು ಮೇಲೆ ಕೆಳಗೆ ಆಡಿಸಿ, ದೋಣಿಗಳ ಕಡೆ ಬೆರಳು ತೋರಿಸಿದ. ಅಲ್ಲಿ ತೇಲುವ ಕಟ್ಟೆ ಅಲ್ಲಾಡುತ್ತಿತ್ತು. ಅವ್ವ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. “ಕಾಕಾ ಇಲ್ಲ ಅಂದಿದ್ರಲ್ಲವಾ” ಎಂದಳು. ಆಮೇಲೆ ತಾನೇ ಹಟ ಮಾಡಿ, ಕಟಾಂಜನ ಹಿಡಿದು ಮೆಟ್ಟಿಲು ಹತ್ತತೊಡಗಿದಳು. ಅರ್ಧಕ್ಕೆ ಮೊಣಕಾಲು ಹಿಡಿದುಕೊಂಡಿತು. ಸಾವಿರ ಜನ ಹತ್ತಿ ಇಳಿಯುವ ಜಾಗದಲ್ಲಿ ನನ್ನ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಳು. ಯಾರೋ ಇಬ್ಬರು ಪರದೇಶದ ಹುಡುಗರು ಎತ್ತಿ ಕೆಳಗೆ ತಂದು ಬಿಟ್ಟರು. ಸಂಜೆ ಹಡಗಿಗೆ ಮರಳುವ ತನಕ ಅವಳು ಬಸ್ಸು ನಿಲ್ಲುವ ಮೈದಾನದ ಬೆಂಚಿನ ಮೇಲೆ ಕೂತಿದ್ದಳು. ಬಸ್ಸು ನೋಡಲು ಮೆಹಕರದವಳು ಅಷ್ಟು ದೂರ ಬರಬೇಕಿತ್ತೇ?

“ನೀನರ ಹೋಗಿ ಬಾ” ಎಂದಳು. ನಾನು ಹೋಗಲಿಲ್ಲ. ಅಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ.

ಊರಿಗೆ ಬಂದ ಮರುದಿನವೇ ಅಂಗಡಿಗೆ ಹೋದೆ. “ಆ ಬ್ರಿಜ್ಜಿಗಿ ಎಷ್ಟು ಮೆಟ್ಟಿಲ ಕಾಕಾ?” ಎಂದೆ. ಅವರು ತಲೆ ಎತ್ತದೆ ಕಾಲರ್ ಒತ್ತುತ್ತಲೇ ಇದ್ದರು. ಮತ್ತೆ ಕೇಳಿದೆ. ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ಟೇಬಲ್ಲಿನ ಕೆಳಗಿನಿಂದ ಒಂದು ಬಿಸ್ಕೀಟಿನ ಡಬ್ಬಿ ತೆಗೆದರು. ಒಳಗೆ ತುಂಬ ಕಾಗದ. ಆ ರೈಲಿನ ಟಿಕೆಟ್ಟುಗಳು, ಸಕ್ಕರೆಯ ಪೊಟ್ಟಣಗಳು, ಒಗೆತಕ್ಕೆ ಸಿಕ್ಕಿ ಬಣ್ಣ ಬಿಟ್ಟ ಊರಿನ ನಕ್ಷೆಗಳು. ಎಲ್ಲಕ್ಕೂ ನೀಟಾಗಿ ಇಸ್ತ್ರಿಯಾಗಿತ್ತು. ಪ್ರವಾಸಿಗಳು ಒಗೆಯಲು ಹಾಕಿದ ಪ್ಯಾಂಟುಗಳ ಕಿಸೆಯಿಂದ ಬಂದವು ಅವು.

“ಆ ಬಂದರ ಬಂದ ದಿನಾನೇ ಹಳೇ ಮಂದಿ ಇಳದು ಹೊಸಾ ಮಂದಿ ಹತ್ತೋರು. ಹಡಗದಾಗಿನ ಚಾದರ ಎಲ್ಲಾ ಅವತ್ತೇ ಒಗೀಬೇಕು. ಹನ್ನೊಂದು ವರ್ಷದಾಗ ಒಂದು ಸಲಾನೂ ನನಗ ಇಳೀಲಾಕ ಬಿಡಲಿಲ್ರಿ. ಊರಿಗಿ ಬಂದ್ರ ಎಲ್ಲಾರೂ ಏನು ನೋಡಿದಿ, ಏನು ನೋಡಿದಿ ಅಂತಾರ. ಚಾದರ ನೋಡೀನಿ ಅಂತ ಹೇಳಲೇನು?”

“ಅವ್ವನ ಮೊಣಕಾಲಿನ ಮಾತ ಬಂದಾಗರ ಗೊತ್ತಿಲ್ಲ ಅನ್ನಬೇಕಿತ್ತು.”

“ನಕ್ಷಾದಾಗ ಬ್ರಿಜ್ ಸಪಾಟ ಇತ್ರಿ ಅಕ್ಕೋರ” ಎಂದರು ಕಾಕಾ. ನನಗೆ ಕರುಣೆ ಬರಲಿಲ್ಲ, ಸುಳ್ಳೇಕೆ ಹೇಳಲಿ. ಊರನ್ನೆಲ್ಲ ನಂಬಿಸಲಿ, ನನ್ನನ್ನೂ ನಂಬಿಸಲಿ. ಆದರೆ ನಡೆಯಲಾರದ ಮುದುಕಿಯ ಎದುರು ಕೂತು, ಅವಳ ಚಹಾ ಕುಡಿದು, ನೋಡದ ದಾರಿಯ ಮೇಲೆ ಅವಳನ್ನು ಕಳಿಸಬಾರದಿತ್ತು. ಅಷ್ಟನ್ನೂ ಮುಖಕ್ಕೇ ಹೇಳಿ ಬಂದೆ. ಸೀರೆಗಳನ್ನು ಬೇರೆ ಅಂಗಡಿಗೆ ಕೊಡತೊಡಗಿದೆ. ಒಮ್ಮೆ ಅವರು ಅವ್ವನನ್ನು ನೋಡಲು ಮನೆಗೆ ಬಂದಾಗ ನಾನು ಒಳಗಿಂದ ಹೊರಗೆ ಬರಲಿಲ್ಲ. ಅವ್ವ ಚಹಾ ಮಾಡಿ ಕೊಟ್ಟಳಂತೆ. ಇಬ್ಬರೂ ಏನು ಮಾತಾಡಿದರೋ, ನಾನು ಕೇಳಲಿಲ್ಲ.

ಕಳೆದ ಚಳಿಗಾಲದಲ್ಲಿ ಕಾಕಾ ಹೋದರು. ಕೊನೆಯ ಎರಡು ವರ್ಷ ನಾವು ಮಾತಾಡಿರಲಿಲ್ಲ. ಚಿಂತಾಕಿಯಲ್ಲಿ ಮಣ್ಣಾಯಿತು. ನಾನು ಹೋಗುವವಳಲ್ಲ. ಅವ್ವ ಕೋಲು ಹಿಡಿದು ಹೊರಟು ನಿಂತಳು, ಕರೆದುಕೊಂಡು ಹೋಗಲೇಬೇಕಾಯಿತು.

ಮಣ್ಣು ಮುಗಿಸಿ ಬಂದು ಕೂತ ಹೆಂಗಸರ ನಡುವೆ ಕಾಕಾರ ಹೆಂಡತಿ ಅವ್ವನ ಕೈ ಹಿಡಿದುಕೊಂಡರು. “ವೈನಿ, ಮಂದಿ ಇವರಿಗಿ ಸುಳ್ಳಬುರುಕ ಅಂತಿದ್ರು. ಸಾಯೂತನಾ ಅದನ್ನೇ ಕೇಳಿಸ್ಕೊಂಡು ಹೋದ್ರು. ನೀವರ ಅಲ್ಲಿಗಿ ಹೋಗಿ ಬಂದೀರಿ. ಇವರು ಹೇಳಿದಂಗೇ ಇತ್ತೇನ್ರಿ?”

“ಬರೋಬ್ಬರಿ ಹಾಂಗೇ ಇತ್ತವಾ” ಎಂದಳು ನನ್ನ ಅವ್ವ, ಬಸ್ಸಿನ ಬೆಂಚು ಬಿಟ್ಟು ಏನನ್ನೂ ನೋಡದವಳು. “ನೀರು ಹೊಸ್ತಿಲಿಗಿ ಬಂದು ಬಡೀತಿತ್ತು. ಹೆಣ್ಣಮಕ್ಕಳು ಕೂತಲ್ಲೇ ಕೈ ತೊಳಕೊಳ್ಳೋರು.”

ಕಾಕಾರ ಹೆಂಡತಿ ನನ್ನ ಕಡೆ ತಿರುಗಿದರು. “ಅಕ್ಕೋರ, ನೀವು ಸಾಲಿ ಕಲಿಸೋರು. ನೀವು ಹೇಳ್ರಿ.”

ಇಪ್ಪತ್ತು ವರ್ಷ ಮಕ್ಕಳ ಮುಂದೆ ನಿಂತು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿದವಳು ನಾನು. ಅವ್ವ ನನ್ನ ಕಡೆ ನೋಡಲೂ ಇಲ್ಲ.

“ಹೌದ್ರಿ” ಎಂದೆ.

ಅವರು ಗೋಡೆಗೆ ತಲೆ ಆನಿಸಿ ಜೋರಾಗಿ ಅತ್ತರು. ಊರಿನವರು ಈಗ ಕಾಕಾ ಖರೇ ಹೇಳುತ್ತಿದ್ದರು ಎನ್ನುತ್ತಾರೆ. ಅಕ್ಕೋರೇ ನೋಡಿ ಬಂದಾರ ಎಂದು ನನ್ನ ಹೆಸರು ಹೇಳುತ್ತಾರೆ. ಮೋಸ ಹೋದವಳೂ ನಾನೇ, ಸಾಕ್ಷಿ ನಿಂತವಳೂ ನಾನೇ. ಅವ್ವ ಯಾವತ್ತೋ ಕ್ಷಮಿಸಿದ್ದಾಳೆ. ನನ್ನಿಂದ ಇನ್ನೂ ಆಗಿಲ್ಲ.