ಹಳದಿ ಗೆರೆ ಹಿಡಿಯದ ತಪ್ಪು

ಕಚೇರಿಯಲ್ಲಿ ಎಲ್ಲರೂ ಅವಳನ್ನು ಕಾಮಾ ಮೇಡಂ ಎನ್ನುತ್ತಿದ್ದರು. ಒಂದು ಕಾಮಾ ತಪ್ಪಿದ್ದರೂ ಬಿಡುವ ಪೈಕಿಯಲ್ಲ. ಲಿಫ್ಟುಗಳನ್ನು ನಡೆಸುವ ಕೋಡ್ ಬರೆಯುವ ಕಂಪನಿ ಅದು. ಕೋಡಿನ ಪ್ರತಿ ಭಾಗದ ತಲೆಯ ಮೇಲೂ ಇದು ಏನು ಮಾಡುತ್ತದೆ, ಇದಕ್ಕೆ ಏನು ಕೊಡಬೇಕು ಎಂದು ವಿವರಿಸುವ ಟಿಪ್ಪಣಿ ಇರಬೇಕು. ಯಂತ್ರ ಅದನ್ನು ಓದುವುದಿಲ್ಲ. ಮುಂದೆ ಆ ಕೋಡಿಗೆ ಕೈಹಾಕುವ ಮನುಷ್ಯ ಓದುತ್ತಾನೆ. ಟಿಪ್ಪಣಿಗೂ ಕೋಡಿಗೂ ತಾಳೆಯಾಗುತ್ತದೆಯೇ ಎಂದು ನೋಡುವುದು ಅವಳ ಕೆಲಸ. ಟಿಪ್ಪಣಿಯಲ್ಲಿ ಬರೆದ ಹೆಸರುಗಳು ಕೋಡಿನ ಹೆಸರುಗಳಿಗೆ ಹೊಂದದ ಕಡೆ, ಕೋಡ್ ಬರೆಯುವ ತಂತ್ರಾಂಶವಾದ ಎಡಿಟರ್ ತಾನೇ ಹಳದಿ ಗೆರೆ ಎಳೆಯುತ್ತಿತ್ತು. ಅರ್ಥ ಹೊಂದುತ್ತದೋ ಇಲ್ಲವೋ ಎನ್ನುವುದನ್ನು ಅವಳೇ ನೋಡಬೇಕಿತ್ತು.

ಆ ಕೆಲಸ ಕಲಿಸಿದವನು ಸ್ವಂತ ಅಣ್ಣ. ಅಪ್ಪ ಹೋದ ಮೇಲೆ ಅವಳನ್ನು ಓದಿಸಿದವನೂ ಅವನೇ. ಅದೇ ಕಚೇರಿಯಲ್ಲಿ, ಅವಳ ಬೆನ್ನ ಹಿಂದಿನ ಮೇಜಿನಲ್ಲಿ ಕೂರುತ್ತಿದ್ದ. ಕೋಡ್ ಬರೆಯುವುದೆಂದರೆ ಅವನಿಗೆ ನೀರು ಕುಡಿದಷ್ಟು ಸುಲಭ. ಅವನ ಟಿಪ್ಪಣಿಯಡಿ ಮೊದಲ ಸಲ ಗೆರೆ ಬಿದ್ದಾಗ ಅವಳಿಗೆ ನಗುವೇ ಬಂತು.

"ಏನಣ್ಣಾ, ಹೋದ ವರ್ಷ ತೆಗೆದುಹಾಕಿದ ಹೆಸರು ಬರೆದಿದ್ದೀಯ?"

"ಆನೆಯೂ ಎಡವುತ್ತೆ ಕಣೇ, ನಾನ್ಯಾವ ಲೆಕ್ಕ?"

ಆಮೇಲೆ ಗೆರೆಗಳು ಹೆಚ್ಚಿದವು. ಒಂದೇ ಸಾಲನ್ನು ಎರಡೆರಡು ಸಲ ಬರೆದಿರುತ್ತಿದ್ದ. ಕೋಡಿನಲ್ಲಿ ಇಲ್ಲವೇ ಇಲ್ಲದ ಭಾಗಗಳನ್ನು ವಿವರಿಸಿರುತ್ತಿದ್ದ. ಒಂದು ಮಧ್ಯಾಹ್ನ ಡಬ್ಬಿ ಬಿಚ್ಚುತ್ತಾ, "ಅಮ್ಮ ಊಟ ಮಾಡಿದ್ಲಾ?" ಎಂದ. ಅಮ್ಮ ತೀರಿಹೋಗಿ ವರ್ಷಗಳಾಗಿದ್ದವು. ಅವಳ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಯಾರಿಗೂ ಹೇಳಲಿಲ್ಲ. ಅಣ್ಣನ ಮಾನ ಹೋಗಬಾರದು ಎಂಬುದೊಂದೇ ಅವಳ ತಲೆಯಲ್ಲಿ. ದಿನಾ ಅವನ ಫೈಲುಗಳನ್ನು ತೆರೆದು, ಗೆರೆ ಬಿದ್ದ ಹೆಸರುಗಳನ್ನೆಲ್ಲ ತಿದ್ದಿ, ಹಳದಿ ಮಾಯವಾದೊಡನೆ ಮುಂದಕ್ಕೆ ಸಾಗುತ್ತಿದ್ದಳು. ಅತ್ತಿಗೆ ಒಮ್ಮೆ ಫೋನ್ ಮಾಡಿ, "ಆಫೀಸಲ್ಲಿ ನಿಮ್ಮಣ್ಣ ಸರಿಯಾಗಿದ್ದಾರಾ? ಮನೇಲಿ ಒಂಥರಾ ಇರ್ತಾರೆ" ಎಂದು ಕೇಳಿದಳು.

"ಏನಿಲ್ಲ ಅತ್ತಿಗೆ, ಕೆಲಸ ಜಾಸ್ತಿ ಅಷ್ಟೇ."

ರಿಪೇರಿ ವೇಳೆ ಲಿಫ್ಟನ್ನು ನಿಲ್ಲಿಸುವ ಭಾಗವೊಂದಿತ್ತು. ಅದು ಮೋಟಾರನ್ನು ಮಾತ್ರ ನಿಲ್ಲಿಸುತ್ತದೆ. ಬ್ರೇಕಿನ ಕೋಡ್ ಬೇರೆ. ಅಣ್ಣ ಅದರ ಮೇಲೆ, 'ಮೋಟಾರು ನಿಂತು ಬ್ರೇಕ್ ಬೀಳುತ್ತದೆ' ಎಂದು ಬರೆದ. ಹೆಸರುಗಳೆಲ್ಲ ಸರಿಯಾಗಿದ್ದವು, ಹಾಗಾಗಿ ಗೆರೆ ಬೀಳಲಿಲ್ಲ. ಅವಳು ಓದದೆ ದಾಟಿದಳು. ಕೋಡ್ ಬರೆಯುವ ಇನ್ನೊಬ್ಬ ಆ ಟಿಪ್ಪಣಿಯನ್ನು ನಂಬಿ, ಮೆಕ್ಯಾನಿಕ್‌ಗಳು ನೋಡುವ ಪರದೆಯ ಮೇಲೆ 'ಬ್ರೇಕ್ ಬಿದ್ದಿದೆ' ಎಂದು ತೋರಿಸುವಂತೆ ಮಾಡಿದ. ಯಾವುದೋ ಕಟ್ಟಡದಲ್ಲಿ ಮೆಕ್ಯಾನಿಕ್ ಒಬ್ಬ ಅದನ್ನು ನೋಡಿ ಲಿಫ್ಟಿನ ಸಂದಿಯೊಳಗೆ ಕೈಹಾಕಿದ. ಲಿಫ್ಟ್ ಒಂದು ಗೇಣು ಜಾರಿತು. ಅವನ ಬಲಗೈಯ ಬೆರಳುಗಳು ಜಜ್ಜಿಹೋದವು.

ಮ್ಯಾನೇಜರ್ ಎಲ್ಲರನ್ನೂ ಕೂರಿಸಿ ಆ ಟಿಪ್ಪಣಿಯನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದ. "ಇದನ್ನ ಬರೆದದ್ದು ಯಾರು? ಸರಿಯಿದೆ ಅಂತ ದಾಟಿಸಿದ್ದು ಯಾರು?"

ಅಣ್ಣ ಕನ್ನಡಕ ಸರಿಮಾಡಿಕೊಂಡು ಓದಿದ. "ಚೆನ್ನಾಗಿ ಬರೆದಿದ್ದಾರೆ ಸಾರ್. ಯಾರಿವರು?"

ಯಾರೋ ಕಿಸಕ್ಕೆಂದರು. ಅವಳು ಎದ್ದು ನಿಂತಳು. "ಬರೆದದ್ದು ನಮ್ಮಣ್ಣ. ಅವನಿಗೆ ನೆನಪು ನಿಲ್ತಿಲ್ಲ ಸಾರ್. ನನಗೆ ಮೊದಲೇ ಗೊತ್ತಿತ್ತು. ಮುಚ್ಚಿಟ್ಟವಳು ನಾನು."

ಇಬ್ಬರನ್ನೂ ಕೆಲಸದಿಂದ ತೆಗೆದರು. ಡಾಕ್ಟರು ಪರೀಕ್ಷೆ ಮಾಡಿ ಮರೆವಿನ ಕಾಯಿಲೆ ಎಂದರು. ಬೇಗ ಬಂದಿದ್ದರೆ ಸ್ವಲ್ಪ ಕಾಲವಾದರೂ ತಡೆಯಬಹುದಿತ್ತೇನೋ ಎಂದರು. ಹೊರಗೆ ಬಂದ ಅತ್ತಿಗೆ ಮೆಟ್ಟಿಲ ಮೇಲೆಯೇ ನಿಂತಳು.

"ನಾನು ಬಾಯಿಬಿಟ್ಟು ಕೇಳಿದ್ದೆನಲ್ಲಾ. ಆವತ್ತೇ ಹೇಳಬಾರದಿತ್ತಾ?"

ಅವಳು ಅಣ್ಣನ ಕೈಹಿಡಿದು ಮೆಟ್ಟಿಲಿಳಿಸಿದಳು.

ಮೆಕ್ಯಾನಿಕ್‌ನ ಮನೆ ಹುಡುಕಿಕೊಂಡು ಹೋದಳು. ಅವನ ತಾಯಿ ಬಾಗಿಲು ಅರ್ಧ ತೆರೆದು, ಮಾತೆಲ್ಲ ಕೇಳಿಸಿಕೊಂಡು, "ಅವನು ಮಲಗಿದ್ದಾನೆ. ಇನ್ನು ಬರಬೇಡಮ್ಮ" ಎಂದಳು. ಒಳಗಿಂದ ಗಂಡಸಿನ ಕೆಮ್ಮು ಕೇಳಿಸುತ್ತಿತ್ತು.

ಈಗ ಹಗಲಿಡೀ ಅಣ್ಣನನ್ನು ನೋಡಿಕೊಳ್ಳುವವಳು ಅವಳೇ. ಅತ್ತಿಗೆ ಬಟ್ಟೆ ಅಂಗಡಿಯ ಕೆಲಸಕ್ಕೆ ಹೊರಡುವಾಗ ಬೀಗದ ಕೈಯನ್ನು ಅವಳ ಅಂಗೈಗೆ ಹಾಕಿ, ತಿರುಗಿ ನೋಡದೆ ಹೋಗುತ್ತಾಳೆ. ಅವಳು ಒಳಗಿನಿಂದ ಬೀಗ ಹಾಕಿಕೊಳ್ಳುತ್ತಾಳೆ. ಅಣ್ಣ ಬಂದು ಚಿಲಕವನ್ನು ಎಳೆದು ನೋಡಿ, "ಆಫೀಸಿಗೆ ಹೊತ್ತಾಯ್ತು, ಬಾಗಿಲು ತೆಗೀರಿ" ಎಂದು ಅಪರಿಚಿತರೊಡನೆ ಮಾತಾಡುವ ಮರ್ಯಾದೆಯಿಂದ ಕೇಳುತ್ತಾನೆ.