ತೊಳೆದ ಗಾಜು

ನಮ್ಮ ಪಡಸಾಲೆಯಲ್ಲಿ, ಗಡಿಯಾರದ ಎಡಗಡೆಗೆ, ಒಂದು ಫೋಟೋ ಕಟ್ಟು ತೂಗುಬಿದ್ದಿದೆ. ಸಾಗವಾನಿಯ ಅಂಚು, ನಾಲ್ಕು ಮೂಲೆಗಳಿಗೆ ಸಣ್ಣ ಹಿತ್ತಾಳೆಯ ಹೂ, ಹಿಂದೆ ರಟ್ಟು, ಮುಂದೆ ಗಾಜು. ಎಲ್ಲವೂ ಇದ್ದು ಫೋಟೋ ಒಂದು ಇಲ್ಲ. ಬಂದವರು ಕೇಳುತ್ತಾರೆ. ಗೆಳೆಯರೇ, ನೀವು ಬಂದರೂ ಕೇಳುವಿರಿ: ರೋಣದ ಅರ್ಧ ಊರಿನ ಮುಖಗಳನ್ನು ಕಾಗದಕ್ಕಿಳಿಸಿದ ಮನುಷ್ಯನ ಮನೆಯಲ್ಲಿ ಖಾಲಿ ಕಟ್ಟು ಯಾಕೆ ಎಂದು. ನಾನು ಮಳೆಯ ಮಾತನ್ನೋ ಜೋಳದ ಮಾತನ್ನೋ ತೆಗೆದು ಚಹಾದ ಬಟ್ಟಲನ್ನು ನಿಮ್ಮ ಮುಂದೆ ಸರಿಸುತ್ತೇನೆ.

ಇವತ್ತು ಹಾಗೆ ಸರಿಸಲಾರೆ. ಬೆಳಗಿನ ಟಪಾಲಿನಲ್ಲಿ ನರಗುಂದದಿಂದ ನನ್ನ ಷಡ್ಡಕನ ಕಾಗದ ಬಂದಿದೆ. ಹೋದ ವರ್ಷ ಅವನೂ ಅಲ್ಲಿ ಗುಡ್ಡದ ಕೆಳಗೆ ಒಂದು ಸ್ಟುಡಿಯೋ ತೆಗೆದಿದ್ದಾನೆ. ಆಡಿದಂತೆಯೇ ಬರೆಯುವವನು ಅವನು. "ಅಣ್ಣಾರ, ವಿಮಾ ಏಜಂಟ ಗಂಟು ಬಿದ್ದಾನ್ರಿ. ನಿಮಗ ಅನುಭವ ಐತಿ. ಫೋಟೋದವರು ಯಾತಕ್ಕ ವಿಮಾ ಮಾಡಸಬೇಕು, ಯಾತಕ್ಕ ಬ್ಯಾಡ, ಲಗೂ ತಿಳಸ್ರಿ," ಎಂದು ಕೇಳಿದ್ದಾನೆ.

ಅನುಭವ ಇದೆಯಂತೆ! ಇದೆಯಪ್ಪಾ, ಇದೆ, ಅದು ಗೋಡೆಯ ಮೇಲೆ ತೂಗುಬಿದ್ದು ನನ್ನನ್ನೇ ನೋಡುತ್ತಿದೆ. ಉತ್ತರ ಬರೆಯಲೆಂದು ಬೆಳಗಿನಿಂದ ಮೂರು ಸಲ ಲೇಖನಿ ಹಿಡಿದೆ, ಮೂರು ಸಲವೂ ಶಾಯಿ ಒಣಗಿತು. ಅವನಿಗೆ ಬರೆಯಲಾರದ್ದನ್ನು ನಿಮ್ಮ ಮುಂದೆ ಆಡಿ ಮುಗಿಸುತ್ತೇನೆ, ಕೇಳಿ.

ನಾಲ್ಕು ವರ್ಷದ ಹಿಂದೆ, ಒಂದು ಸಂತೆಯ ದಿನ, ಸವಡಿಯ ನೀಲವ್ವ ಎಂಬ ಹೆಣ್ಣುಮಗಳು ತನ್ನ ಆರು ವರ್ಷದ ಮಗಳು ಗೌರಿಯನ್ನು ಫೋಟೋಕ್ಕೆ ಕರೆತಂದಳು. ಎಷ್ಟು ಹೇಳಿದರೂ ಆ ಕೂಸು ನಿಂತಲ್ಲಿ ನಿಲ್ಲಲೊಲ್ಲದು. ಪರದೆಯ ಮೇಲೆ ಬರೆದ ಅರಮನೆಯ ಬಾಗಿಲನ್ನು ತಟ್ಟುವುದು, ಕುರ್ಚಿಯ ಕೆಳಗೆ ನುಸುಳುವುದು, ಕರಿಬಟ್ಟೆಯೊಳಗೆ ನಾನು ತಲೆ ತೂರಿಸಿದರೆ ಹಿಂದಿನಿಂದ ಬಂದು ಅದನ್ನು ಎಳೆಯುವುದು. ಎರಡು ಪ್ಲೇಟು ಹಾಳಾದವು. ಕಡೆಗೆ ಒಂದು ಮುಷ್ಟಿ ಪುಟಾಣಿ ಕೊಟ್ಟು, "ಕೈ ಬಿಚ್ಚಿದ್ಯೋ, ಎಲ್ಲಾ ಇಸಗೋತೀನಿ ನೋಡು," ಎಂದು ಹೆದರಿಸಿದ ಮೇಲೆ, ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಎರಡು ಗಳಿಗೆ ಕಲ್ಲಿನ ಗೊಂಬೆಯಂತೆ ನಿಂತಿತು. ಮೂರನೆಯ ಪ್ಲೇಟು ಚೆನ್ನಾಗಿ ಬಂತು. ಮುಂದಿನ ಸಂತೆಗೆ ಬಂದು ಫೋಟೋ ಒಯ್ಯುತ್ತೇನೆಂದು ನೀಲವ್ವ ಹೋದಳು.

ಆ ಸಂತೆಗೆ ಬರಲಿಲ್ಲ. ಎರಡು ತಿಂಗಳ ಮೇಲೆ ಒಬ್ಬಳೇ ಬಂದಳು. ಜ್ವರ ಬಂದು ನಾಲ್ಕೇ ದಿನದಲ್ಲಿ ಕೂಸು ಹೋಯಿತು, ದವಾಖಾನಿಗೆ ಗಾಡಿ ಕಟ್ಟುವುದರೊಳಗೆ ಎಲ್ಲ ಮುಗಿಯಿತು ಎಂದಳು. ಅವಳ ಅತ್ತೆಯ ಮನೆಯಲ್ಲಿ ಒಂದು ಕಟ್ಟಳೆಯಿತ್ತು: ತೀರಿಕೊಂಡ ಕೂಸಿನ ರೂಪ ವರ್ಷ ತುಂಬುವ ತನಕ ಹೊಸ್ತಿಲೊಳಗೆ ಬರಕೂಡದು, ಬಂದರೆ ಹೋಗುವ ಜೀವ ಹೊರಳಿ ನೋಡುತ್ತದೆ. ಕಾಗದಕ್ಕೆ ಒಂದು ಪ್ರತಿ ಇಳಿಸಿ ನನ್ನ ಹತ್ತಿರವೇ ಇಟ್ಟುಕೊಳ್ಳಲೇ ಎಂದು ಕೇಳಿದೆ.

"ಬ್ಯಾಡ್ರಿ ಮಾಸ್ತರ. ಕಾಗದಕ್ಕ ಬಂದಾಳಂದ್ರ ನನಗ ತಡಿಯಾಕ ಆಗೂದಿಲ್ಲ, ದಿನಾ ಬಂದು ಕುಂದರತೀನಿ. ವರ್ಷದ ಮಟ ಆ ಗಾಜಿನ್ಯಾಗ ಇರಲಿ. ಒಮ್ಮೆ ತೋರಸ್ರಿ, ಸಾಕು."

ನಮ್ಮ ಪ್ಲೇಟುಗಳನ್ನು ನೋಡದವರಿಗಾಗಿ ಹೇಳುತ್ತೇನೆ: ಅದು ಅಂಗೈಗಿಂತ ದೊಡ್ಡದಾದ ಗಾಜಿನ ತುಂಡು, ಅದರ ಮೇಲೊಂದು ತೆಳುವಾದ ಮದ್ದಿನ ಪೊರೆ, ಆ ಪೊರೆಯಲ್ಲಿ ಚಿತ್ರ. ಅದರಲ್ಲಿ ಕಪ್ಪೆಲ್ಲ ಬಿಳುಪು, ಬಿಳುಪೆಲ್ಲ ಕಪ್ಪು. ಕಾಗದಕ್ಕಿಳಿಸಿದಾಗಲೇ ಲೋಕ ಮತ್ತೆ ನೆಟ್ಟಗಾಗುತ್ತದೆ. ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ನೀಲವ್ವ ಬಹಳ ಹೊತ್ತು ನೋಡಿದಳು.

"ಕೂದಲಾ ಎಲ್ಲಾ ಬೆಳ್ಳಗಾಗ್ಯಾವಲ್ರಿ," ಅಂದಳು. "ನನ್ನ ಗೌರಿ ಮುದುಕಿ ಆಗ್ಯಾಳ. ಅಷ್ಟು ವರ್ಷ ಬಾಳಿದ್ಲಂತ ತಿಳಕೋತೀನಿ ಬಿಡ್ರಿ."

ಅವಳು ಹೋದ ಮೇಲೆ ಆ ಪ್ಲೇಟನ್ನು ಎಲ್ಲಿಡಲಿ ಎಂದು ನಾನು ಮಾಡಿದ ಯೋಚನೆ ಅಷ್ಟಿಷ್ಟಲ್ಲ. ಹೊಸ ಡಬ್ಬಿಗಳಲ್ಲಿ ಇಟ್ಟರೆ ದಿನಾ ಕೈಯಾಡುತ್ತದೆ, ಒಡೆದೀತು. ಆದ್ದರಿಂದ ಯಾರೂ ಮುಟ್ಟದ ಜಾಗ ಹುಡುಕಿದೆ. ಕತ್ತಲೆಕೋಣೆಯ ಮೂಲೆಯಲ್ಲಿ ಇಪ್ಪತ್ತು ವರ್ಷದ ಹಳೆಯ ಪ್ಲೇಟುಗಳ ಡಬ್ಬಿಗಳು ಮಾಳಿಗೆಯ ತೊಲೆ ಮುಟ್ಟುವಂತೆ ಪೇರಿಸಿದ್ದವು. ಫೋಟೋ ಒಯ್ದವರು ಒಯ್ದಾಗಿತ್ತು. ಅವುಗಳ ಹಂಗು ಯಾರಿಗೂ ಇರಲಿಲ್ಲ. ಎಲ್ಲಕ್ಕೂ ಕೆಳಗಿನ ಡಬ್ಬಿಯಲ್ಲಿ, ಎಲ್ಲಕ್ಕೂ ಕೆಳಗೆ, ಗೌರಿಯನ್ನು ಮಲಗಿಸಿದೆ. ಏನು ಜಾಣತನ ನನ್ನದು!

ಅದೇ ವರ್ಷ ಬೇಸಿಗೆಯಲ್ಲಿ ಗದಗಿನಿಂದ ಮೋಟಾರು ಹತ್ತಿಕೊಂಡು ವಾಮನರಾಯರು ಬಂದರು. ವಿಮೆಯ ಏಜೆಂಟರು ಅಂದಕೂಡಲೇ ನೀವು ಯಾರನ್ನೋ ನೆನಸಿಕೊಂಡು ಮೂಗು ಮುರಿಯಬೇಡಿ. ಕೆಟ್ಟ ಮನುಷ್ಯರಲ್ಲ ಅವರು, ಸುಳ್ಳು ಆಡಿದವರಲ್ಲ. ಸ್ಟುಡಿಯೋ ಎಲ್ಲ ಸುತ್ತಿ ನೋಡಿ, ಪರದೆಯ ಮೇಲಿನ ಅರಮನೆಯನ್ನು ಹೊಗಳಿ, ಕುರ್ಚಿಯಲ್ಲಿ ಕೂತು, ಬೆವರು ಒರೆಸಿಕೊಂಡು ಹೇಳಿದರು:

"ಮಾಸ್ತರ, ಕ್ಯಾಮೆರಾ ನಿಮ್ಮ ಹೊಟ್ಟಿ ಇದ್ದಂಗ. ಬೆಂಕಿ ಹತ್ತಿದ್ರ, ಕಳ್ಳ ಹೊಕ್ಕರ ಏನ ಮಾಡ್ತೀರಿ? ಕ್ಯಾಮೆರಾ, ಭಿಂಗ, ಪರದೆ, ಕುರ್ಚಿ, ಎಲ್ಲಾದಕ್ಕೂ ವಿಮಾ ಮಾಡಸ್ರಿ. ಖರೇ ಹೇಳತೀನಿ, ನಿದ್ದಿ ಚಲೋ ಬರತೈತಿ."

ಭಿಂಗ ಎಂದರೆ ಕ್ಯಾಮೆರಾದ ಕಣ್ಣು. ಅದು ಒಡೆದ ಕನಸನ್ನು ನಾನು ಎಷ್ಟೋ ಸಲ ಕಂಡು ಎದ್ದು ಕೂತವನು. ಹೌದೆಂದೆ. ಮುಂದಿನ ವಾರ ಕಂಪನಿಯ ಸಾಹೇಬರು ನೋಡಲು ಬರುತ್ತಾರೆ, ಆ ಮೂಲೆಯ ಡಬ್ಬಿ, ರದ್ದಿ, ಹುಲ್ಲು ಎಲ್ಲ ಕಂಡರೆ ಬೆಂಕಿಗೆ ಆಹಾರ ಅಂತ ಬರೆದುಬಿಡುತ್ತಾರೆ, ತೆಗೆಸಿರಿ ಎಂದರು.

"ಅವು ಹಳೇ ಪ್ಲೇಟ್ರಿ," ಅಂದೆ.

"ಬಜಾರದಾಗ ಏನ ಬೆಲಿ ಐತಿ?"

"ಏನೂ ಇಲ್ರಿ. ತೊಳದ್ರ ಗಾಜಿನ ಬೆಲಿ, ಅಷ್ಟ."

"ಹಂಗಾರ ತೊಳದ ಬಿಡ್ರಲಾ!" ಎಂದು ನಕ್ಕರು. ನಾನೂ ನಕ್ಕೆ.

ಹಳೆಯ ಪ್ಲೇಟು ತೊಳೆಯುವುದು ನಮ್ಮ ಕಸುಬಿನಲ್ಲಿ ಹೊಸದೇನಲ್ಲ. ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಯಿಟ್ಟರೆ ಮದ್ದಿನ ಪೊರೆ ಮೆತ್ತಗಾಗಿ ಸುಲಿದುಬರುತ್ತದೆ. ಉಳಿದ ಗಾಜು ಫೋಟೋಕ್ಕೆ ಕಟ್ಟು ಹಾಕುವವರಿಗೆ ಬೇಕೇ ಬೇಕು. ನಾನು ಹಂಡೆಗೆ ಉರಿ ಹಾಕಿದೆ, ನನ್ನ ಹೆಂಡತಿ ಪಾರ್ವತಿ ಸೆರಗು ಸಿಗಿಸಿ ಹಿತ್ತಲ ಕಲ್ಲಿನ ಮೇಲೆ ಕೂತಳು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವ ತಾಳ್ಮೆ ಯಾರಿಗೆ? ಡಬ್ಬಿಗೆ ಡಬ್ಬಿಯನ್ನೇ ನೀರಿಗೆ ಬೋರಲು ಹಾಕಿದೆವು. ಮದುವೆಗಳು, ಪೇಟಾ ಸುತ್ತಿದ ಗೌಡರು, ಶಾಲೆಯ ಮಕ್ಕಳ ಸಾಲುಗಳು, ಎಲ್ಲ ಬೂದು ಬಣ್ಣದ ಗಂಜಿಯಾಗಿ ಬಚ್ಚಲಿಗೆ ಹರಿದವು. ಮೂರು ದಿನದ ಕೆಲಸ. ನಾನು ಹಾಡು ಗುನುಗುತ್ತಿದ್ದೆನಂತೆ; ಪಾರ್ವತಿ ಆಮೇಲೆ ಹೇಳಿದಳು. ಗಾಜೆಲ್ಲ ಹುಸೇನಸಾಬರ ಕಟ್ಟಿನ ಅಂಗಡಿಗೆ ಹೋಯಿತು. ಸಾಹೇಬರು ಬಂದು ಸ್ವಚ್ಛವಾದ ಮೂಲೆಯನ್ನು ನೋಡಿ ತಲೆದೂಗಿದರು. ಪಾಲಿಸಿ ಬಂತು.

ಯಾರೂ ಮುಟ್ಟದ ಜಾಗವೆಂದು ನಾನೇ ಆರಿಸಿದ್ದ ಆ ಕೆಳಗಿನ ಡಬ್ಬಿ, ದೇವರಾಣೆ, ನನಗೆ ನೆನಪೇ ಆಗಲಿಲ್ಲ. ನೆನಪಾದದ್ದು ವರ್ಷ ತುಂಬಿದ ಮೇಲೆ ನೀಲವ್ವ ಬಾಗಿಲಲ್ಲಿ ನಿಂತಾಗ. ಎದೆಗೆ ಒಂದು ಕಟ್ಟು ಅವುಚಿಕೊಂಡಿದ್ದಳು.

"ವರ್ಷ ತುಂಬಿತ್ರಿ ಮಾಸ್ತರ. ಈಗ ಆಕೀನ್ನ ಕಾಗದಕ್ಕ ಇಳಿಸಿ ಕೊಡ್ರಿ. ಕಟ್ಟು ಮೊದಲಽ ತಂದೀನಿ. ಹುಸೇನಸಾಬರು ಮಾಡಿಕೊಟ್ರು. ಗಾಜು ನಿಮ್ಮ ಅಂಗಡೀದಽ ಅಂತ, ಭಾಳ ಚಲೋ ಗಾಜಂತ."

ಕತ್ತಲೆಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಆ ಮೂಲೆಯ ಮುಂದೆ ಕೂತು, ಇಲ್ಲದ ಡಬ್ಬಿಗಳನ್ನು ಹುಡುಕುವವನಂತೆ ಸಪ್ಪಳ ಮಾಡಿದೆ. ಎಂಥ ಹೇಡಿ ನಾನು! ಒಡೆಯಿತೆಂದು ಹೇಳಲೇ, ಇಲಿ ತಿಂದಿತೆನ್ನಲೇ? ಕಡೆಗೆ ಹೊರಗೆ ಬಂದು ಇದ್ದದ್ದನ್ನು ಹೇಳಿದೆ: ತಾಯಿ, ತೊಳೆದುಬಿಟ್ಟೆ.

ಅವಳಿಗೆ ತಿಳಿಯಲಿಲ್ಲ. "ತೊಳದ್ರ ಹೋಗತೈತೇನ್ರಿ?" ಅಂದಳು. "ನಾ ದಿನಾ ಆಕಿ ಮಾರಿ ತೊಳೀತಿದ್ದೆ. ಎಂದೂ ಹೋಗಿದ್ದಿಲ್ಲ."

ಚಿತ್ರ ಬರೆಯುವವರನ್ನು ಕರೆಸುತ್ತೇನೆ, ನೀನು ಹೇಳಿದ ಹಾಗೆ ಬರೆಸೋಣ ಎಂದು ತೊದಲಿದೆ. ಅವಳು ಅಲ್ಲೇ ನೆಲಕ್ಕೆ ಕೂತು, ತಲೆ ಎತ್ತಿ ಕೇಳಿದಳು:

"ನಿಮಗ ನೆನಪೈತೇನ್ರಿ, ಮಾರಿ ಹ್ಯಾಂಗಿತ್ತಂತ? ನನಗ ಈಗೀಗ ಬರವಲ್ದು. ಕಣ್ಣು ಬಂದ್ರ ಮೂಗು ಬರವಲ್ದು, ಮೂಗು ಬಂದ್ರ ಬಾಯಿ ಬರವಲ್ದು. ವರ್ಷ ತುಂಬಲಿ, ನೋಡಿಕೊಂಡರಾತು ಅಂತಿದ್ದೆ."

ನನಗೆ ನೆನಪಿರಲಿಲ್ಲ. ಕರಿಬಟ್ಟೆಯೊಳಗೆ ನಾವು ನೋಡುವ ಜನರೆಲ್ಲ ತಲೆಕೆಳಗಾಗಿಯೇ ಕಾಣುತ್ತಾರೆ. ನಾನು ನೋಡುತ್ತಿದ್ದದ್ದು ಬೆಳಕನ್ನು. ಪುಟಾಣಿ ಹಿಡಿದ ಮುಷ್ಟಿಯೊಂದು ಬಿಟ್ಟು ಬೇರೇನೂ ಬರಲಿಲ್ಲ. ಅದನ್ನೇ ಹೇಳಿದೆ. ಅವಳು ತನ್ನ ಕೈಯನ್ನು ಮುಷ್ಟಿ ಮಾಡಿ ನೋಡಿಕೊಂಡು, ಬಿಚ್ಚಿ, ಎದ್ದಳು. ಬೈಯಲಿಲ್ಲ. ಬೈದಿದ್ದರೆ ನಾನು ಉಳಿಯುತ್ತಿದ್ದೆ. ಕಟ್ಟನ್ನು ಕುರ್ಚಿಯ ಮೇಲಿಟ್ಟು, "ಖಾಲಿ ಕಟ್ಟು ಮನಿಗಿ ಒಯ್ದ್ರ ನಮ್ಮತ್ತಿ ಒಳಗ ಬಿಡೂದಿಲ್ರಿ. ನಿಮ್ಮ ಹಂತ್ಯಾಕ ಇರಲಿ," ಎಂದು ಹೋದಳು. ಮತ್ತೆ ಎಂದೂ ಬಂದಿಲ್ಲ.

ಗೆಳೆಯರೇ, ಮನುಷ್ಯ ಫೋಟೋ ತೆಗೆಸುವುದಾದರೂ ಯಾಕೆ? ಅದೂ ಒಂದು ವಿಮೆಯೇ ಅಲ್ಲವೇ, ಮರೆವಿನ ಮೇಲೆ ಮಾಡಿಸಿದ್ದು? ಇಷ್ಟು ವರ್ಷ ಆ ವಿಮೆಯನ್ನು ಮಾರಿ ಉಂಡವನು ನಾನು. ಒಬ್ಬಳು ತಾಯಿ ಬಂದು ತನಗೆ ಬರಬೇಕಾದ್ದನ್ನು ಕೇಳಿದ ದಿನ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಗಣಪತಿ ಮಾಡಹೋಗಿ ಅವರಪ್ಪನನ್ನು ಮಾಡಿದರಂತೆ ಅನ್ನುತ್ತಾರಲ್ಲ, ನನ್ನದು ಅದಕ್ಕೂ ಕಡೆ. ವಾಮನರಾಯರ ಮೇಲೆ ಹಾಕೋಣವೆಂದರೆ ಅವರು ಬೆಲೆ ಕೇಳಿದರು, ಏನೂ ಇಲ್ಲ ಎಂದವನು ನಾನೇ. ಬೆಂಕಿ ಇವತ್ತಿನವರೆಗೂ ಬಿದ್ದಿಲ್ಲ, ಕಳ್ಳ ಬಂದಿಲ್ಲ. ಕ್ಯಾಮೆರಾ ಇದೆ, ಭಿಂಗ ಇದೆ, ಪರದೆಯ ಅರಮನೆಗೆ ಒಂದು ಗೀರೂ ಬಿದ್ದಿಲ್ಲ. ಪ್ರತಿವರ್ಷ ಕಂತು ಕಟ್ಟುತ್ತೇನೆ. ನಿದ್ದೆ ಮಾತ್ರ ಬರುವುದಿಲ್ಲ.

ಷಡ್ಡಕನಿಗೆ ಕಡೆಗೂ ನಾಲ್ಕು ಸಾಲು ಬರೆದೆ: "ವಿಮೆ ಮಾಡಿಸು, ತಪ್ಪೇನಿಲ್ಲ. ಆದರೆ ಸಾಹೇಬರು ಬರುತ್ತಾರೆಂದು ಕೋಣೆ ಚೊಕ್ಕ ಮಾಡಬೇಡ. ಮಾಡಲೇಬೇಕಾದರೆ ಪ್ಲೇಟು ಒಂದೊಂದನ್ನೂ ಬೆಳಕಿಗೆ ಹಿಡಿದು, ಇದು ಯಾರು ಎಂದು ಕೇಳಿಕೊಂಡು ಆಮೇಲೆ ಕೆಳಗಿಡು." ಕಾಗದ ಮಡಿಸಿ, ಎದ್ದು, ಗೋಡೆಯ ಕಟ್ಟನ್ನು ಇಳಿಸಿದೆ. ಅವಳು ಬಿಟ್ಟುಹೋದ ದಿನ ಮನೆಗೆ ತಂದು ತೂಗುಹಾಕಿದ ಮೇಲೆ ಅದನ್ನು ಮುಟ್ಟುವ ಧೈರ್ಯ ಆಗಿರಲಿಲ್ಲ. ಹುಸೇನಸಾಬರಿಗೆ ಕೊಟ್ಟ ನೂರಾರು ಗಾಜುಗಳಲ್ಲಿ ಇದು ಯಾವುದೋ. ಗೌರಿಯ ಆ ಗಾಜೇ ಇರಲಿಕ್ಕಿಲ್ಲ, ಅದೇ ಇದ್ದರೂ ಇರಬಹುದು. ಹಿಂದಿನ ರಟ್ಟು ತೆಗೆದು, ಧೂಳು ಒರೆಸಿ, ಅಂದು ನೀಲವ್ವನಿಗೆ ತೋರಿಸಿದ ಹಾಗೆಯೇ ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಮೂಲೆಯಲ್ಲಾದರೂ ಒಂದಿಷ್ಟು ಪೊರೆ, ಒಂದು ಬೆರಳು, ಒಂದು ಬಿಳಿಯ ಕೂದಲು ಉಳಿದೀತೇ ಎಂದು ಹುಡುಕಿದೆ. ಗಾಜಿನಾಚೆ ಬೀದಿ ಕಾಣಿಸಿತು, ಎತ್ತಿನ ಗಾಡಿಯೊಂದು ಹೋಗುತ್ತಿತ್ತು. ಗಾಜು ಬಹಳ ಸ್ವಚ್ಛವಾಗಿದೆ. ತೊಳೆದವನು ನಾನೇ.