ಬೆಲ್ಲಕ್ಕೆ ಕರಗದ ಗಂಟುಗಳು

ಧಾರವಾಡ ಬಿಟ್ಟು ತಿ. ನರಸೀಪುರದ ಆಸ್ಪತ್ರೆಗೆ ಡಾಕ್ಟರಾಗಿ ಬಂದ ಮೊದಲ ವಾರವೇ ಮಾದೇವಿ ಎಂಬ ತಾಯಿ ಮಗಳ ಲಂಗ ಎತ್ತಿ ಮೊಣಕಾಲು ತೋರಿಸಿದಳು. ಅಲ್ಲೆಲ್ಲ ಹಳದಿ ಗಂಟುಗಳು.

"ನರುಳ್ಳಿ ಕಣ್ರಮ್ಮಾ. ನಂಜನಗೂಡ್ಗೆ ಓಗಿ ಒಳೆಗೆ ಬೆಲ್ಲ ಬುಟ್ ಬಂದೋ. ಬೆಲ್ಲ ಕರಗೋಯ್ತು, ಇವು ಕರಗ್ನೇ ಇಲ್ಲ."

ಬಗ್ಗಿ ಮುಟ್ಟಿ ನೋಡಿದೆ. ಅವು ನರುಳ್ಳಿಯಲ್ಲ, ಕೊಬ್ಬಿನ ಗಂಟುಗಳು. ಪುಸ್ತಕದಲ್ಲಷ್ಟೇ ಕಂಡಿದ್ದೆ.

ನನಗೆ ಆ ಸೀಮೆ ಪರದೇಶವೇ ಆಗಿತ್ತು. ಕನ್ನಡದ ಊರಲ್ಲಿ ಎಂಥ ಪರದೇಶ ಎಂದು ನೀವು ನಗಬಹುದು. ನಮ್ಮಲ್ಲಿ ರೊಟ್ಟಿ ಅಗಿದು ತಿನ್ನಬೇಕು, ಇಲ್ಲಿ ಮುದ್ದೆ ನುಂಗಬೇಕು. ‘ಐಕ’ ಎಂದರೆ ಮಕ್ಕಳು ಎಂದು ತಿಳಿಯಲು ನನಗೆ ದಿನಗಳೇ ಹಿಡಿದವು. ನನ್ನ ಮಾತು ಕೇಳಿ ಜಗಳಗಂಟಿ ಅಂದುಕೊಂಡವರೂ ಉಂಟು. ಸಂಜೆಯಾದರೆ ಕೂತಲ್ಲಿ ಕೂರಲಾಗದೆ ಬಸ್ ನಿಲ್ದಾಣಕ್ಕೆ ಹೋಗಿ, ಮೈಸೂರು, ಕೊಳ್ಳೇಗಾಲದ ಬೋರ್ಡುಗಳನ್ನು ಓದಿ ವಾಪಸ್ ಬರುತ್ತಿದ್ದೆ. ವರ್ಗಾವಣೆಗೆ ಅರ್ಜಿ ಹಾಕಿಯಾಗಿತ್ತು.

ಮಾದೇವಿ ಮದುವೆಯಾಗಿದ್ದು ಸ್ವಂತ ಸೋದರಮಾವನನ್ನು. ನಮ್ಮಲ್ಲೂ ಅದು ಹೊಸದಲ್ಲ. ರಕ್ತದಲ್ಲಿ ಓಡಾಡುವ ಕೊಬ್ಬಿನ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳಲು ಜೀವಕೋಶದ ಮೈಮೇಲೆ ಗ್ರಾಹಕವೆಂಬ ಪ್ರೋಟೀನು ಇರುತ್ತದೆ. ಒಂದೇ ಮನೆತನದ ಅಪ್ಪನಿಂದಲೂ ಅಮ್ಮನಿಂದಲೂ ಮಗಳು ಪವಿತ್ರಳಿಗೆ ಅದರ ಕೆಟ್ಟ ಜೀನೇ ಬಂದಿತ್ತು. ಬಾಗಿಲು ತೆರೆಯದ ಮನೆಯ ಮುಂದೆ ನಿಂತ ನೆಂಟನಂತೆ ಕೊಬ್ಬು ಹೊರಗೇ ಉಳಿದು ಚರ್ಮಕ್ಕೆ, ಹೃದಯದ ನಾಳಗಳಿಗೆ ಮೆತ್ತಿಕೊಂಡಿತ್ತು. ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ಎದೆಗೆ ಸ್ಟೆತ್ ಇಟ್ಟರೆ ಇರಬಾರದ ಸದ್ದು ಕೇಳುತ್ತಿತ್ತು. ಮೈಸೂರಿನ ಹೃದಯದ ಡಾಕ್ಟರಿಗೆ ತೋರಿಸದಿದ್ದರೆ ಈ ಹುಡುಗಿ ಉಳಿಯುವುದು ಕಷ್ಟ ಎಂದೆ.

"ಎದೆ ಕುಯ್ದುಬುಡ್ತಾರೆ. ನಾ ಕಳ್ಸಾಕಿಲ್ಲ," ಎಂದಳು ಮಾದೇವಿ.

"ಹಂಗನ್ನಬ್ಯಾಡ್ರೀ!" ಎಂದು ನನ್ನ ಕನ್ನಡದಲ್ಲೇ ಕೂಗಿಬಿಟ್ಟೆ. ಅವಳು ಹುಡುಗಿಯನ್ನು ಎಳೆದುಕೊಂಡು ಹೊರಟೇಹೋದಳು.

ಆಮೇಲೆ ನಾನೇ ಅವರ ಮನೆಗೆ ಹೋಗತೊಡಗಿದೆ. ಉಪ್ಪುಸಾರು ಬಡಿಸುತ್ತಿದ್ದಳು, ತಲೆಗೆ ಹೂ ಮುಡಿಸುತ್ತಿದ್ದಳು, ಮೈಸೂರೆಂದರೆ ಮಾತ್ರ ಒಲೆಯ ಕಡೆ ತಿರುಗುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಬಿಟ್ಟು ಹೋಗೋಣವೆಂದರೆ ಮನಸ್ಸು ಕೇಳುತ್ತಿರಲಿಲ್ಲ.

ದೀಪಾವಳಿಗೆ ರಜೆ ಹಾಕಿ ಧಾರವಾಡಕ್ಕೆ ಬಂದೆ. ಅಲ್ಲಿಗೇ ವರ್ಗಾವಣೆಯೂ ಸಿಕ್ಕಿತ್ತು, ಖುಷಿಗೆ ಅವ್ವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮರುದಿನವೇ, ಆಸ್ಪತ್ರೆಯಲ್ಲಿ ಕೊಟ್ಟು ಬಂದಿದ್ದ ಪಕ್ಕದ ಮನೆಯ ನಂಬರಿಗೆ ನನಗೊಂದು ಫೋನು ಬಂತು. ಮಾದೇವಿಯ ಗಂಡ.

"ಪವಿ ಇಸ್ಕೂಲ್ ತಾವ ತಲೆಸುತ್ತಿ ಬಿದ್ಬುಟ್ಲು ಕಣ್ರಮ್ಮಾ. ಮಾದೇವಿ ಮೈಸೂರ್ಗೆ ಒಪ್ಕಂಡವ್ಳೆ. ನೀವ್ ಜೊತೇಲ್ ಬಂದ್ರೆ ಮಾತ್ರ ಅಂತವ್ಳೆ. ಬತ್ತೀರಾ?"

"ಬತ್ತೀನಿ," ಎಂದೆ.

ಮನೆಗೆ ಬಂದು ಕೂತಾಗ ಅವ್ವ ತಲೆಗೆ ಎಣ್ಣೆ ಹಚ್ಚತೊಡಗಿದಳು. ಹೇಗೆ ಹೇಳುವುದೆಂದು ತಿಳಿಯದೆ ಒಂದೇ ಉಸಿರಿಗೆ ಹೇಳಿದೆ: "ಅವ್ವಾ, ನಾಳೆನ ಊರಿಗೆ ಹೋಗಬೇಕು."

ಅವಳ ಕೈ ನಿಂತಿತು.

"ಊರಿಗೆ? ಹಂಗಾರ ನೀ ಈಗ ಬಂದದ್ದು ಎಲ್ಲಿಗೆ?"